ತಣ್ಣೀರಿನ ತೊಟ್ಟಿಯಲ್ಲಿ ಯಾವ ಮೀನಿಗೆ ಯಾವ ಮೀನು ಜೊತೆ

ಮೀನು ತರುವ ಮುಂಚೆ ಒಂದು ಥರ್ಮಾಮೀಟರ್ ತಂದಿಟ್ಟುಕೊಳ್ಳಿ. ತೊಟ್ಟಿಗೆ ನೀರು ತುಂಬಿಸಿ, ಹೀಟರ್ ಹಾಕದೆ ಫಿಲ್ಟರ್ ಮಾತ್ರ ಚಾಲೂ ಮಾಡಿ, ಒಂದು ವಾರ ಬೆಳಗ್ಗೆ ಎದ್ದ ಕೂಡಲೇ ಒಮ್ಮೆ, ಮಧ್ಯಾಹ್ನ ಮೂರರ ಸುಮಾರಿಗೆ ಇನ್ನೊಮ್ಮೆ ನೋಡಿ ಬರೆದಿಡಿ. ನೀರು 16ರಿಂದ 22 ಡಿಗ್ರಿ ಸೆಲ್ಸಿಯಸ್ ಒಳಗೆ ನಿಂತರೆ ಅದು ತಣ್ಣೀರಿನ ತೊಟ್ಟಿ. ಹೀಟರ್ ಇಲ್ಲ ಅಂದಮಾತ್ರಕ್ಕೆ ತಣ್ಣೀರು ಆಗುವುದಿಲ್ಲ. ವರ್ಷದ ಬಹುಪಾಲು 27–28 ಡಿಗ್ರಿ ಇರುವ ಕೋಣೆಯಲ್ಲಿ ತಣ್ಣೀರಿನ ಮೀನುಗಳು ಬದುಕಿದರೂ ಬಳಲುತ್ತವೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ನೀರು ಬಿಸಿಯಾದಷ್ಟೂ ಮೀನಿಗೆ ಹೆಚ್ಚು ಉಸಿರು ಬೇಕು, ಸಿಗುವುದು ಮಾತ್ರ ಕಡಿಮೆ.

ಇಷ್ಟಾದ ಮೇಲೆ ಒಂದೇ ಒಂದು ತೀರ್ಮಾನ ಮಾಡಬೇಕು: ಗೋಲ್ಡ್‌ಫಿಶ್ ಸಾಕುತ್ತೀರೋ, ಗುಂಪಿನಲ್ಲಿ ಓಡಾಡುವ ಸಣ್ಣ ಮೀನು ಸಾಕುತ್ತೀರೋ? ಎರಡನ್ನೂ ಒಂದೇ ತೊಟ್ಟಿಗೆ ಹಾಕುವ ಆಸೆ ಬಿಟ್ಟುಬಿಡಿ. ಎರಡಕ್ಕೂ ಒಪ್ಪುವ ಉಷ್ಣಾಂಶ ಒಂದೇ ಇರುವುದರಿಂದಲೇ ಜನ ಇಲ್ಲಿ ಎಡವುತ್ತಾರೆ. ಉಷ್ಣಾಂಶ ಹೊಂದಿದರೆ ಸಾಲದು, ಬಾಯಿಯ ಗಾತ್ರ ಹೊಂದಬೇಕು, ಈಜುವ ವೇಗ ಹೊಂದಬೇಕು. ಗೋಲ್ಡ್‌ಫಿಶ್ ಕೆಟ್ಟ ಮೀನಲ್ಲ, ಆದರೆ ಬಾಯಿಗೆ ಹಿಡಿಸಿದ್ದೆಲ್ಲ ಅದಕ್ಕೆ ಆಹಾರ. ನಾಲ್ಕು ಸೆಂಟಿಮೀಟರ್ ಉದ್ದದ ವೈಟ್ ಕ್ಲೌಡ್ ಎಂಬ ಗುಂಪಿನ ಮೀನು ಇವತ್ತು ತಪ್ಪಿಸಿಕೊಂಡರೂ ಗೋಲ್ಡ್‌ಫಿಶ್ ಬೆಳೆದ ಮೇಲೆ ಒಂದು ರಾತ್ರಿ ಕಾಣೆಯಾಗುತ್ತದೆ. ಗೋಲ್ಡ್‌ಫಿಶ್ ಜೊತೆ ಕೋರಿಡೋರಾಸ್ ಎಂಬ, ತಳದಲ್ಲಿ ಓಡಾಡುವ ಸಣ್ಣ ಮೀಸೆ ಮೀನು ಇಡುವುದು ಇನ್ನೂ ಅಪಾಯ. ಕೋರಿಡೋರಾಸ್‌ನ ಬೆನ್ನಿನ ಮತ್ತು ಪಕ್ಕದ ರೆಕ್ಕೆಗಳಲ್ಲಿ ಗಟ್ಟಿ ಮುಳ್ಳುಗಳಿವೆ, ಹೆದರಿದಾಗ ಅವನ್ನು ನೆಟ್ಟಗೆ ಬಿಗಿದು ನಿಲ್ಲಿಸುತ್ತದೆ. ನುಂಗಲು ಹೋದ ಗೋಲ್ಡ್‌ಫಿಶ್‌ನ ಗಂಟಲಲ್ಲಿ ಅದು ಸಿಕ್ಕಿಕೊಂಡರೆ ಎರಡೂ ಸಾಯುತ್ತವೆ.

ಗೋಲ್ಡ್‌ಫಿಶ್‌ಗೆ ಒಳ್ಳೆಯ ಜೊತೆ ಗೋಲ್ಡ್‌ಫಿಶ್ಶೇ. ಅದರಲ್ಲೂ ಜಾತಿ ನೋಡಿ ಜೋಡಿಸಿ. ಒರಾಂಡಾ, ರ್ಯುಕಿನ್, ಬ್ಲ್ಯಾಕ್ ಮೂರ್ ಇಂಥ ಗುಂಡು ಮೈಯ, ಜೋಡಿ ಬಾಲದವು ನಿಧಾನ. ಕಾಮೆಟ್‌ನಂಥ ನೀಳ ಮೈಯ, ಒಂಟಿ ಬಾಲದವು ಚುರುಕು. ಬೆರೆಸಿದರೆ ಚುರುಕಿನವು ಮೊದಲೇ ಬಂದು ಆಹಾರ ಮುಗಿಸುತ್ತವೆ, ಗುಂಡು ಮೀನು ಹಸಿದು ಉಳಿಯುತ್ತದೆ. ಉಬ್ಬುಗಣ್ಣಿನ ಬ್ಲ್ಯಾಕ್ ಮೂರ್‌ಗೆ ದೃಷ್ಟಿಯೂ ಮಂದ, ಅದಕ್ಕೆ ಆಹಾರ ಮೂತಿಯ ಹತ್ತಿರವೇ ಬೀಳಬೇಕು. ಗುಂಡು ಜಾತಿಯ ಮೊದಲ ಮೀನಿಗೆ 75 ಲೀಟರ್, ಆಮೇಲಿನ ಒಂದೊಂದಕ್ಕೂ 40 ಲೀಟರ್ ಲೆಕ್ಕ ಇಟ್ಟುಕೊಳ್ಳಿ. ಕಾಮೆಟ್ 25 ಸೆಂಟಿಮೀಟರಿಗೂ ಮೀರಿ ಬೆಳೆಯಬಲ್ಲದು, ಅದಕ್ಕೆ ಕೊಳವೇ ಸರಿ. ಗೋಲ್ಡ್‌ಫಿಶ್‌ಗೆಂದು ದುಂಡು ಗಾಜಿನ ಬಟ್ಟಲು ಕೊಡುವವರ ಮಾತು ಕೇಳಲೇಬೇಡಿ. ಪಾಚಿ ತಿನ್ನಲಿ ಎಂದು ಸಕರ್ ಮೀನು ಹಾಕುವ ರೂಢಿಯೂ ತಪ್ಪು. ಅದು ಬೆಚ್ಚಗಿನ ನೀರಿನದು, ಅಡಿಗಟ್ಟಲೆ ಬೆಳೆಯುತ್ತದೆ, ರಾತ್ರಿ ಗೋಲ್ಡ್‌ಫಿಶ್‌ನ ಮೈಗೆ ಅಂಟಿಕೊಂಡು ಲೋಳೆ ಹೀರುವುದೂ ಉಂಟು. ಹಾಗೆ ಹೀರಿದ ಕಡೆ ಹುರುಪೆ ಎದ್ದು ಹುಣ್ಣಾಗುತ್ತದೆ.

ಮಧ್ಯಮ ಗಾತ್ರದ ತೊಟ್ಟಿಗೆ ಸಣ್ಣ ಮೀನುಗಳ ಗುಂಪೇ ಸೊಗಸು. 60 ಸೆಂಟಿಮೀಟರ್ ಉದ್ದ, 30 ಅಗಲ, 36 ಎತ್ತರದ ತೊಟ್ಟಿ ಎಂದಿಟ್ಟುಕೊಳ್ಳಿ. ಮೂರನ್ನೂ ಗುಣಿಸಿ 1000ದಿಂದ ಭಾಗಿಸಿದರೆ ಸುಮಾರು 65 ಲೀಟರ್. ಜಲ್ಲಿ, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ನಿಜಕ್ಕೂ ನಿಲ್ಲುವ ನೀರು 55. ಇದರಲ್ಲಿ ಎಂಟು ವೈಟ್ ಕ್ಲೌಡ್, ತಳಕ್ಕೆ ಐದು ಪೆಪ್ಪರ್ಡ್ ಕೋರಿಡೋರಾಸ್ ಧಾರಾಳವಾಗಿ ಬಾಳುತ್ತವೆ. ಒಂದು ಗುಂಪು ನಡುನೀರಿನದು, ಇನ್ನೊಂದು ತಳದ್ದು, ಜಾಗಕ್ಕೆ ಜಗಳವಿಲ್ಲ. ತಳಕ್ಕೆ ನುಣುಪಾದ ಮರಳು ಹಾಕಿ. ಚೂಪು ಜಲ್ಲಿ ಕೋರಿಡೋರಾಸ್‌ನ ಮೀಸೆ ಸವೆಸುತ್ತದೆ. ವೈಟ್ ಕ್ಲೌಡ್ ಬದಲು ಮೆಡಾಕಾ ಇಡಬಹುದು, ಅದು ಮೇಲ್ನೀರಿನಲ್ಲೇ ಇರುತ್ತದೆ, ಮೆಲ್ಲಗೆ ಹರಿಯುವ ನೀರು ಇಷ್ಟ. ಜೀಬ್ರಾ ಡೇನಿಯೋ ಗಟ್ಟಿ ಮೀನು, ಆದರೆ ಕ್ಷಣ ಸುಮ್ಮನಿರದು. ಅದಕ್ಕೆ ಉದ್ದನೆಯ ತೊಟ್ಟಿ ಬೇಕು, ಮೆಡಾಕಾದಂಥ ಸಾಧು ಮೀನಿನ ಜೊತೆ ಬೇಡ. ರೋಸಿ ಬಾರ್ಬ್‌ಗೆ ಇನ್ನೂ ದೊಡ್ಡ ತೊಟ್ಟಿ, ನೂರು ಲೀಟರಿನ ಮೇಲೆ. ಆರಕ್ಕಿಂತ ಕಡಿಮೆ ಇಟ್ಟರೆ ತಮ್ಮೊಳಗೆ ಅಟ್ಟಾಡುವ ಬದಲು ಪಕ್ಕದವರ ಉದ್ದ ರೆಕ್ಕೆ ಕಚ್ಚುತ್ತವೆ. ಗುಂಪಿನ ಮೀನನ್ನು ಎರಡು ಮೂರು ತರುವುದು ಉಳಿತಾಯವಲ್ಲ. ಒಂಟಿಯಾದದ್ದು ಬಣ್ಣಗೆಟ್ಟು ಮೂಲೆ ಸೇರುತ್ತದೆ. ಹಿಲ್‌ಸ್ಟ್ರೀಮ್ ಲೋಚ್ ನೋಡಲು ಚೆಂದ, ಆದರೆ ರಭಸದ ಹರಿವು, ಪಾಚಿ ಹಿಡಿದ ನುಣುಪು ಕಲ್ಲು ಇಲ್ಲದ ಹೊಸ ತೊಟ್ಟಿಗೆ ತರಬೇಡಿ.

ಬೆಟ್ಟಾ, ಡಿಸ್ಕಸ್, ರ‍್ಯಾಮ್ ಸಿಕ್ಲಿಡ್ ಇವು ಬೆಚ್ಚಗಿನ ನೀರಿನವು, ಇಲ್ಲಿ ಸಲ್ಲವು. ಪ್ಯಾರಡೈಸ್ ಮೀನು ತಣ್ಣೀರಿಗೆ ಒಗ್ಗುತ್ತದೆ, ಆದರೆ ಗಂಡು ಗಂಡಿಗೆ ಆಗುವುದಿಲ್ಲ, ಸಣ್ಣವನ್ನೂ ಉಳಿಸುವುದಿಲ್ಲ. ಅದಕ್ಕೆ ಬೇರೆ ತೊಟ್ಟಿ.

ತಣ್ಣೀರಿನಲ್ಲಿ ಫಿಲ್ಟರ್ ಹದಕ್ಕೆ ಬರುವುದು ತಡ. ಮೀನಿನ ಹೊಲಸಿನ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ತಂಪಿನಲ್ಲಿ ಮೆಲ್ಲಗೆ ಹೆಚ್ಚುತ್ತವೆ. ಉಪಾಯವೊಂದಿದೆ. ಉಷ್ಣಾಂಶ ಬರೆದಿಟ್ಟ ಆ ವಾರ ಕಳೆದ ಮೇಲೆ, ಮೀನು ತರುವ ಮುಂಚಿನ ವಾರಗಳಲ್ಲಿ ಹೀಟರ್ ಹಾಕಿ ನೀರನ್ನು 26–28 ಡಿಗ್ರಿಯಲ್ಲಿಡಿ, ಅಮೋನಿಯಾ ದ್ರಾವಣವನ್ನು ಅಳೆದು ಹಾಕಿ 2 ಪಿಪಿಎಂ (ಲೀಟರಿಗೆ ಸುಮಾರು 2 ಮಿಲಿಗ್ರಾಂ) ಮುಟ್ಟಿಸಿ. ಹಾಕಿದ ಅಮೋನಿಯಾ 24 ಗಂಟೆಯಲ್ಲಿ ಸೊನ್ನೆಯಾಗಿ, ನೈಟ್ರೈಟೂ ಸೊನ್ನೆ ತೋರಿಸಿದ ಮೇಲೆ ಹೀಟರ್ ತೆಗೆದು ನೀರು ತಣಿಯಲು ಬಿಡಿ. ಶೇಖರವಾದ ನೈಟ್ರೇಟ್ ಹೋಗುವಷ್ಟು ನೀರು ಬದಲಿಸಿ, ಆಮೇಲೆ ಮೀನು ತನ್ನಿ. ನಲ್ಲಿ ನೀರಿಗೆ ಪ್ರತಿ ಸಲವೂ ಕ್ಲೋರಿನ್ ನಿವಾರಕ ಹಾಕಿ. ಒಂದು ರಾತ್ರಿ ಬಕೆಟ್ಟಿನಲ್ಲಿಟ್ಟರೆ ಕ್ಲೋರಿನ್ ಹಾರಿಹೋದೀತು, ಕ್ಲೋರಿನ್ ಜೊತೆ ಅಮೋನಿಯಾ ಸೇರಿದ ಕ್ಲೋರಮೈನ್ ಹೋಗುವುದಿಲ್ಲ.

ತಂದ ಮೀನನ್ನು ನೇರ ತೊಟ್ಟಿಗೆ ಬಿಡದೆ ನಾಲ್ಕು ವಾರ ಬೇರೆ ಪಾತ್ರೆಯಲ್ಲಿಡಿ. ತಣ್ಣೀರಿಗೆ ಈ ಅವಧಿ ಕಡಿಮೆ ಮಾಡಲಾಗದು. ಮೈಮೇಲೆ ಉಪ್ಪಿನ ಹರಳು ಉದುರಿಸಿದಂತೆ ಕಾಣುವ ಬಿಳಿಚುಕ್ಕೆ ರೋಗದ ಪರಾವಲಂಬಿ 25 ಡಿಗ್ರಿಯಲ್ಲಿ ಸುಮಾರು ವಾರದಲ್ಲಿ ಒಂದು ಸುತ್ತು ಮುಗಿಸುತ್ತದೆ, 15–16 ಡಿಗ್ರಿಯಲ್ಲಿ ಎರಡು ಮೂರು ವಾರ ಎಳೆಯುತ್ತದೆ. ಮೀನಿನ ಮೈ ಬಿಟ್ಟು ನೀರಿನಲ್ಲಿ ಈಜುವ ಹಂತದಲ್ಲಿ ಮಾತ್ರ ಔಷಧಿ ಅದನ್ನು ಕೊಲ್ಲುತ್ತದೆ. ಹಾಗಾಗಿ ಚುಕ್ಕೆ ಮಾಯವಾಯಿತೆಂದು ನಡುವೆ ನಿಲ್ಲಿಸಿದರೆ ಮತ್ತೆ ಬರುತ್ತದೆ. ನೀರನ್ನು 30 ಡಿಗ್ರಿಗೆ ಏರಿಸಿ ಗುಣಪಡಿಸುವ ದಾರಿ ವೈಟ್ ಕ್ಲೌಡ್‌ಗೆ ಬೇಡ.

ಬೇಸಿಗೆಯಲ್ಲಿ ನೀರು 24 ದಾಟಿದರೆ ಗಾಜಿನ ಮುಚ್ಚಳ ತೆಗೆದು ಬಲೆ ಮುಚ್ಚಿ, ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ತಿರುಗಿಸಿ, ಏರ್ ಪಂಪ್ ಜೋರು ಮಾಡಿ. ಆವಿಯಾಗುವುದರಿಂದಲೇ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮಂಜುಗಡ್ಡೆ ಸುರಿಯಬೇಡಿ, ಏಕಾಏಕಿ ತಣಿದರೆ ಮೀನು ತಡೆಯದು.

ಹೊಸ ಗುಂಪು ಬಿಟ್ಟ ಮೊದಲ ವಾರ ಆಹಾರ ಹಾಕುವ ಹೊತ್ತಿಗೆ ಕುಳಿತು ನೋಡಿ. ಎಲ್ಲವೂ ಮುಂದೆ ಬಂದು ಎರಡು ನಿಮಿಷದಲ್ಲಿ ತಿಂದು ಮುಗಿಸಬೇಕು. ಒಂದು ಮಾತ್ರ ಫಿಲ್ಟರ್ ಹಿಂದೆ ನಿಂತು, ಬಾಲದ ಅಂಚು ಹರಿದು ಬಿಳಿಚಿದ್ದರೆ ಯಾರೋ ಅಟ್ಟುತ್ತಿದ್ದಾರೆ. ಪೆಟ್ಟು ತಿಂದದ್ದನ್ನಲ್ಲ, ಅಟ್ಟುವುದನ್ನು ಒಂದು ವಾರ ಬೇರೆ ಇಡಿ. ಅಷ್ಟರಲ್ಲಿ ಕಲ್ಲು, ಗಿಡಗಳ ಜಾಗ ಬದಲಿಸಿ, ದೀಪ ಆರಿಸಿದ ಮೇಲೆ ವಾಪಸು ಬಿಡಿ. ಹಳೆಯ ಗಡಿ ಸಿಗದಿದ್ದರೆ ಸಾಮಾನ್ಯವಾಗಿ ಹೊಂದಿಕೊಳ್ಳುತ್ತದೆ. ಇಲ್ಲವಾದರೆ ಅದಕ್ಕೆ ಬೇರೆ ತೊಟ್ಟಿಯೇ ಗತಿ.