ವೆಬ್ಲಿಯ ಹಿಡಿಗೆ ಹುರಿ ಕಟ್ಟಿ ನೋಡಿದ್ದು

ಸೈನ್ಯದ ಹಳೇ ಪಿಸ್ತೂಲುಗಳ ತುಕ್ಕು ಬಿಡಿಸಿ, ಎಣ್ಣೆ ಕಾಣಿಸಿ, ಕೆಡದ ಹಾಗೆ ಇಡುವುದು ನನ್ನ ಕೆಲಸ. ಹಿಡಿಯ ತುದಿಯಲ್ಲಿ ನೇತಾಡುವ ಬಳೆಯನ್ನು ಮೊದಮೊದಲು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಗೋಡೆಗೆ ನೇತುಹಾಕೋಕೆ ಇರಬೇಕು ಅಂದುಕೊಂಡಿದ್ದೆ! ಆ ಉಡಾಫೆಯಿಂದಲೇ ಒಂದು ಸಲ ಎಡವಟ್ಟಾಯಿತು.

ಕೈಗೆ ಬಂದಿದ್ದು ವೆಬ್ಲಿ ಮಾರ್ಕ್ 6 ರಿವಾಲ್ವರ್. ಬ್ರಿಟಿಷ್ ಸೈನ್ಯ 1915ರಲ್ಲಿ ಬಳಕೆಗೆ ತಂದದ್ದು. 6 ಇಂಚಿನ ನಳಿಗೆ, ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ ತೂಕ. ಬಳೆ ತುಕ್ಕು ಹಿಡಿದು ಒಂದು ಪಕ್ಕಕ್ಕೆ ಕಚ್ಚಿಕೊಂಡಿತ್ತು. ತಂತಿ ಬ್ರಷ್ ತಗೊಂಡು ಚೆನ್ನಾಗಿ ತಿಕ್ಕಿದೆ. ತುಕ್ಕು ಹೋಯಿತು. ಮೇಲಿದ್ದ ಕಪ್ಪು ನೀಲಿ ಬಣ್ಣವೂ ಹೋಯಿತು. ಸಂಜೆ, ಕೆಲಸಕ್ಕೆ ಮುಂಚೆ ತೆಗೆದಿದ್ದ ಫೋಟೋ ದೊಡ್ಡದು ಮಾಡಿ ನೋಡಿದೆ. ಬಳೆಯ ಒಳಮೈಯಲ್ಲಿ ಒಂದೇ ಕಡೆ, ಉಗುರಿನಷ್ಟು ಜಾಗದಲ್ಲಿ ಬಣ್ಣ ನುಣ್ಣಗೆ ಸವೆದಿತ್ತು. ಬಳೆಗೆ ಕಟ್ಟಿದ್ದ ಹುರಿ ಉಜ್ಜಿ ಉಜ್ಜಿ ಆದ ಗುರುತು ಅದು. ಯಾರೋ ಈ ರಿವಾಲ್ವರನ್ನು ಮೈಗೆ ಕಟ್ಟಿಕೊಂಡು ಬಹಳ ದಿನ ಓಡಾಡಿದ್ದ. ಅದಕ್ಕಿದ್ದ ಒಂದೇ ಸಾಕ್ಷಿಯನ್ನು ನಾನೇ ಕೈಯಾರೆ ಒರೆಸಿ ಹಾಕಿದ್ದೆ.

ಹುರಿ ಯಾಕೆ ಬೇಕಿತ್ತು ಅನ್ನೋದಕ್ಕೆ ಕುದುರೆಯ ಮೇಲೆ ಕೂತವನನ್ನು ನೆನೆಸಿಕೊಳ್ಳಿ. ಎಡಗೈಯಲ್ಲಿ ಲಗಾಮು. ಉಳಿದದ್ದು ಒಂದೇ ಕೈ. ಹಳೇ ಕಾಲದ ಪಿಸ್ತೂಲಿನಲ್ಲಿ ಒಂದೇ ಗುಂಡು, ಅದು ಹಾರಿದ ಮೇಲೆ ಕತ್ತಿ ಹಿರಿಯಬೇಕು. ಓಡುವ ಕುದುರೆಯ ಮೇಲೆ ಪಿಸ್ತೂಲನ್ನು ಜೀನಿನ ಮುಂದಿನ ಚೀಲಕ್ಕೆ ತೂರಿಸುತ್ತಾ ಕೂರೋಕಾಗುತ್ತಾ? ಬಳೆಗೆ ಹುರಿ ಇದ್ದರೆ ಕೈಬಿಟ್ಟರೂ ನಡೆಯುತ್ತದೆ, ಅದು ಸವಾರನ ಮೈಮೇಲೇ ನೇತಾಡುತ್ತದೆ. ಮದ್ದು ಗುಂಡು ಜಡಿಯುವ ಕಂಬಿಯದ್ದೂ ಇದೇ ಕಥೆ. 19ನೇ ಶತಮಾನದ ಬ್ರಿಟಿಷ್ ಸವಾರರ ಪಿಸ್ತೂಲುಗಳಲ್ಲಿ ಅದನ್ನು ನಳಿಗೆಯ ಬಾಯಿಗೆ ಕೀಲಿನಿಂದ ಸೇರಿಸಿರುತ್ತಿದ್ದರು. ಬಿದ್ದರೆ ಇಳಿದು ಹುಡುಕುವವರು ಯಾರು? ಅಮೆರಿಕದವರಂತೂ ಇನ್ನೂ ಒಂದು ಹೆಜ್ಜೆ ಮುಂದೆ. ಕೋಲ್ಟ್ 1911 ಪಿಸ್ತೂಲಿನ ಮೊದಮೊದಲ ಮ್ಯಾಗಜೀನುಗಳ, ಅಂದರೆ ಹಿಡಿಯೊಳಗೆ ತೂರಿಸುವ ಗುಂಡಿನ ಡಬ್ಬಿಗಳ, ಬುಡದಲ್ಲೂ ಒಂದು ಕೊಂಡಿ ಇದೆ. ಗುಂಡು ತುಂಬುವಾಗ ಖಾಲಿ ಮ್ಯಾಗಜೀನ್ ಕೂಡ ಕಳೆಯಬಾರದು ಅಂತ! ಆಮೇಲೆ ಅದನ್ನು ಬಿಟ್ಟುಬಿಟ್ಟರು.

ಓದಿ ತಿಳಿದದ್ದು ಸಾಲದು ಅನ್ನಿಸಿ ಹುರಿ ಕಟ್ಟಿಯೇ ನೋಡೋಣ ಅಂದುಕೊಂಡೆ. ಅಸಲಿಯನ್ನು ಬೀಳಿಸಿ ನೋಡೋಕಾಗಲ್ಲ ಅಲ್ವಾ. ಮರದಲ್ಲಿ ಅದೇ ಅಳತೆಯ ಮಾದರಿ ಕೆತ್ತಿ, ಒಳಗೆ ಸೀಸ ತುಂಬಿ ತೂಕ ಹೊಂದಿಸಿದೆ. ಹಿಡಿಯ ಬುಡಕ್ಕೆ ಬಳೆ ಹಾಕಿ, ಹತ್ತಿ ಹುರಿಗೆ ಜಾರುಗಂಟು ಹಾಕಿ ಕುತ್ತಿಗೆಗೆ ತೊಟ್ಟೆ.

ಮೊದಲ ಹುರಿ ಗಿಡ್ಡ. ಕೈ ಪೂರ್ತಿ ಚಾಚುತ್ತಿದ್ದಂತೆ ಹಿಡಿಯ ಬುಡ ಹಿಂದಕ್ಕೆ ಜಗ್ಗಿತು, ನಳಿಗೆಯ ಮೂತಿ ನೆಲ ನೋಡಿತು. ಸರಿ ಅಂತ ಉದ್ದ ಮಾಡಿದೆ, ಈ ಸಲ ಜಾಸ್ತಿಯೇ ಆಯಿತು. ಕೈಬಿಟ್ಟಾಗ ಮಾದರಿ ಮೊಣಕಾಲ ಚಿಪ್ಪಿಗೆ ಬಡಿಯಿತು, ಎರಡು ದಿನ ಕುಂಟಿದೆ. ಮೂರನೇ ಸಲ, ಕೈ ಚಾಚಿದಾಗ ಹುರಿ ಬಿಗಿಯಾಗದೆ ಒಂದಿಷ್ಟೇ ಜೋತು ಬೀಳುವಷ್ಟು ಬಿಟ್ಟೆ. ಕೈಬಿಟ್ಟರೆ ತೊಡೆಯ ಹತ್ತಿರ ನಿಂತಿತು. ನೋಡದೆಯೇ ಹುರಿ ಎಳೆದುಕೊಂಡರೆ ಹಿಡಿ ನೇರವಾಗಿ ಅಂಗೈಗೆ ಬರುತ್ತದೆ. ಬಳೆಯನ್ನು ಹಿಡಿಯ ಬುಡಕ್ಕೇ ಯಾಕೆ ಇಟ್ಟರು ಅಂತ ನನಗೆ ಸರಿಯಾಗಿ ಹೊಳೆದದ್ದು ಆವಾಗಲೇ. ಬಳೆ ತಿರುಗುವ ಹಾಗಿರೋದೂ ಸುಮ್ನೆ ಅಲ್ಲ. ಒಂದು ದಿನ ಅದನ್ನು ಅಲ್ಲಾಡದಂತೆ ತಂತಿಯಿಂದ ಬಿಗಿದು ನೋಡಿದೆ. ನಾಲ್ಕೈದು ಸಲ ಎತ್ತಿ ಇಳಿಸುವುದರೊಳಗೆ ಹುರಿ ಮುರಿ ಬಿದ್ದು ಗಿಡ್ಡವಾಯಿತು.

ಕುತ್ತಿಗೆಗೆ ಹಾಕೋದು ಮಾತ್ರ ನನಗೆ ಹಿಡಿಸಲಿಲ್ಲ. ಬಿದ್ದಾಗಲೆಲ್ಲ ಒಂದು ಕಿಲೋ ತೂಕ ಹಿಂಗತ್ತನ್ನು ಜಗ್ಗುತ್ತದೆ. ಕೈ ಕೈ ಮಿಲಾಯಿಸುವ ಹೊತ್ತಿನಲ್ಲಿ ಎದುರಾಳಿ ಹುರಿ ಹಿಡಿದು ಎಳೆದರೆ ಗತಿ ಏನು? ಹೆಗಲಿನಿಂದ ಇನ್ನೊಂದು ಕಂಕುಳಿನ ಕೆಳಗೆ ಅಡ್ಡಲಾಗಿ ಹಾಕಿಕೊಂಡರೆ ಎಷ್ಟೋ ವಾಸಿ.

ಈಗ ಯಾವುದೇ ಪಿಸ್ತೂಲು ಬಂದರೂ, ಖಾಲಿ ಇದೆಯಾ ಅಂತ ಎರಡು ಸಲ ನೋಡಿಕೊಂಡ ಮೇಲೆ, ಮೊದಲು ಭೂತಗನ್ನಡಿ ಹಿಡಿಯುವುದು ಬಳೆಗೇ. ಕಚ್ಚಿಕೊಂಡಿದ್ದರೆ ಒಂದು ಹನಿ ತೆಳು ಎಣ್ಣೆ ಬಿಟ್ಟು ರಾತ್ರಿಯಿಡೀ ಇಡುತ್ತೇನೆ. ಬೆಳಿಗ್ಗೆ ಬಿದಿರು ಕಡ್ಡಿಯಿಂದ ಮೆಲ್ಲಗೆ ಅಲ್ಲಾಡಿಸುತ್ತೇನೆ. ಬ್ರಷ್ ಮುಟ್ಟುವುದೇ ಇಲ್ಲ.

ಮೊನ್ನೆ ಒಂದು ಜರ್ಮನ್ ಲೂಗರ್ ಪಿ08 ಪಿಸ್ತೂಲು ಬಂದಿತ್ತು. ಅದರಲ್ಲಿ ತಿರುಗುವ ಬಳೆ ಇಲ್ಲ, ಹಿಡಿಯ ಹಿಂಬದಿಯಲ್ಲಿ ಪುಟ್ಟ ಕೊಂಡಿ. ಚರ್ಮದ ಚೀಲಕ್ಕೆ ಉಜ್ಜಿ ನಳಿಗೆಯ ಮೂತಿ ಬೆಳ್ಳಗಾಗಿತ್ತು. ಕೊಂಡಿಯ ಒಳಗಡೆ ನೋಡಿದರೆ ಬಣ್ಣ ಹಾಗೇ ಇದೆ, ಒಂದು ಗೀರಿಲ್ಲ. ಇದರ ಯಜಮಾನ ಹುರಿಯ ಗೊಡವೆಗೇ ಹೋಗಿರಲಿಲ್ಲ ಅಂತ ಕಾಣುತ್ತೆ. ಚೀಟಿಯಲ್ಲಿ ಅಷ್ಟು ಬರೆದು, ಎಣ್ಣೆ ಬಟ್ಟೆಯಿಂದ ಒಂದು ಸಲ ಒರೆಸಿ ಇಟ್ಟೆ.