ಪಿಆರ್ ಕಾರ್ಡಿನಲ್ಲಿ ಹೆಸರು, ಜನ್ಮದಿನ ತಪ್ಪಿದೆಯೇ? ಊರಿನಲ್ಲಿದ್ದಾಗ ಮಾಡಬೇಕಾದದ್ದು ಇದು

ಕೆನಡಾದಲ್ಲಿರುವ ಮಗ ಅರ್ಜಿ ಹಾಕಿ ಅಮ್ಮನಿಗೆ ಕಾಯಂ ವಾಸದ ಹಕ್ಕು, ಅಂದರೆ ಪಿಆರ್ ಕೊಡಿಸಿದ್ದಾನೆ. ಅಮ್ಮ ಅಲ್ಲಿ ಕೆಲಕಾಲ ಇದ್ದು, ದೈವದ ನೇಮಕ್ಕೋ ತಂಗಿಯ ಮಗಳ ಮದುವೆಗೋ ಉಡುಪಿಗೆ ಬಂದಿದ್ದಾರೆ. ಪುರುಸೊತ್ತಿನಲ್ಲಿ ಕಾರ್ಡು ತೆಗೆದು ನೋಡಿದರೆ ಜುಲೈ 4ರ ಜನ್ಮದಿನ ಏಪ್ರಿಲ್ 7 ಆಗಿ ಕುಳಿತಿದೆ. ನಾವು ದಿನವನ್ನು ಮೊದಲು ಬರೆಯುತ್ತೇವೆ, ಕೆನಡಾದ ಫಾರಂಗಳು ವರ್ಷದಿಂದ ಶುರುವಾಗುತ್ತವೆ. ತಿಂಗಳು ದಿನ ಅದಲುಬದಲಾಗಲು ಅಷ್ಟು ಸಾಕು.

ಇಂಥ ಹೊತ್ತಿನಲ್ಲಿ ಎಲ್ಲರೂ ಕಾರ್ಡಿನ ಹಿಂದೆ ಬೀಳುತ್ತಾರೆ. ಕಾರ್ಡಿನ ಸರದಿ ಬರುವುದು ಕೊನೆಗೆ.

ಮೊದಲು ತಪ್ಪು ಹುಟ್ಟಿದ್ದೆಲ್ಲಿ ನೋಡಿ

ಜನನ ಪ್ರಮಾಣಪತ್ರ, ಕೆನಡಾಕ್ಕೆ ಮೊದಲ ಸಲ ಕಾಲಿಟ್ಟಾಗ ತೋರಿಸಿದ ಪಾಸ್‌ಪೋರ್ಟ್, ಅರ್ಜಿಯ ಪ್ರತಿ, ಕಾಯಂ ವಾಸದ ದೃಢೀಕರಣ ಪತ್ರ (ಸಿಒಪಿಆರ್ ಎನ್ನುತ್ತಾರೆ), ಕೊನೆಗೆ ಕಾರ್ಡು. ಇಷ್ಟನ್ನೂ ಮೇಜಿನ ಮೇಲೆ ಇದೇ ಸಾಲಿನಲ್ಲಿ ಹರಡಿ, ಒಬ್ಬರು ಅಕ್ಷರ ಅಕ್ಷರ ಓದಲಿ, ಇನ್ನೊಬ್ಬರು ಗುರುತು ಹಾಕಲಿ. ಎಲ್ಲಿ ಮೊದಲ ವ್ಯತ್ಯಾಸ ಕಾಣುತ್ತದೋ ಆ ಕಾಗದ ಕೊಟ್ಟ ಕಚೇರಿಯೇ ತಿದ್ದಬೇಕಾದ ಕಚೇರಿ. ಅದಕ್ಕಿಂತ ಮುಂದಿನದನ್ನು ತಿದ್ದಲು ಹೋದರೆ ಅರ್ಜಿ ಮರಳಿ ಬರುತ್ತದೆ.

ತಪ್ಪಿನಂತೆ ಕಾಣುವ, ಆದರೆ ತಪ್ಪಲ್ಲದ ಎರಡು ಸಂಗತಿಗಳು ಕರಾವಳಿಯವರನ್ನು ಬಹಳ ಕಾಡುತ್ತವೆ. ಒಂದು, ಡಿ'ಸೋಜ, ಡಿ'ಸಿಲ್ವ ಎಂಬ ಹೆಸರುಗಳ ನಡುವಿನ ಆ ಚಿಕ್ಕ ಗುರುತು. ಪಾಸ್‌ಪೋರ್ಟ್, ಕಾರ್ಡುಗಳಲ್ಲಿ ‘<<’ ಗುರುತುಗಳಿರುವ, ಯಂತ್ರ ಓದುವ ಸಾಲಿನಲ್ಲಿ ಅಂತಾರಾಷ್ಟ್ರೀಯ ನಿಯಮದಂತೆ ಆ ಗುರುತು ಬಿದ್ದುಹೋಗುತ್ತದೆ, ಅಕ್ಷರಗಳು ಕೂಡಿಕೊಳ್ಳುತ್ತವೆ. ಅದಕ್ಕೆ ಅರ್ಜಿ ಹಾಕಬೇಕಾಗಿಲ್ಲ. ಎರಡು, ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ ಇರುವವರದ್ದು. ಅಂಥವರ ಇಡೀ ಹೆಸರನ್ನು ಉಪನಾಮದ ಜಾಗದಲ್ಲೇ ಬರೆಯಬೇಕೆಂಬುದು ಕೆನಡಾ ವಲಸೆ ಇಲಾಖೆಯ ಸೂಚನೆ. ಪೂಜಾರಿಯ ಕೊನೆಗೆ ಇಂಗ್ಲಿಷಿನ ‘ವೈ’ ಇರಬೇಕಾದಲ್ಲಿ ‘ಐ’ ಬಂದಿದ್ದರೆ ಮಾತ್ರ ಅದು ನಿಜವಾದ ತಪ್ಪು.

ತಪ್ಪು ನಮ್ಮ ಊರಿನದ್ದಾದರೆ

ಹಿರಿಯರಲ್ಲಿ ಬಹುಮಂದಿಯ ಜನ್ಮದಿನ ಜೂನ್ 1. ಶಾಲೆಗೆ ಸೇರಿಸುವಾಗ ಮಾಸ್ತರು ಅಂದಾಜಿನಲ್ಲಿ ಬರೆದ ತಾರೀಕು ಅದು. ಅದೇ ಪಾಸ್‌ಪೋರ್ಟಿಗೂ ಹೋಗಿ, ಅಲ್ಲಿಂದ ಕಾರ್ಡಿಗೂ ಬಂದಿದ್ದರೆ, ಎಲ್ಲ ಕಾಗದಗಳೂ ಒಂದಕ್ಕೊಂದು ಹೊಂದುತ್ತವೆ. ನನ್ನನ್ನು ಕೇಳಿದರೆ ಅದನ್ನು ಕೆದಕದಿರುವುದೇ ಜಾಣತನ.

ಜನನ ಪ್ರಮಾಣಪತ್ರದಲ್ಲೇ ಅಕ್ಷರ ತಪ್ಪಿದ್ದರೆ ಮಾತ್ರ ಊರಿನಲ್ಲಿರುವಾಗಲೇ ಸರಿಪಡಿಸಿಕೊಳ್ಳಿ. ಜನನ ನೋಂದಣಿಯಾದ ಕಡೆಯ ನೋಂದಣಾಧಿಕಾರಿಗೆ ಅರ್ಜಿ ಕೊಡಬೇಕು. 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಮಿನಂತೆ ಮೂಲ ಬರಹವನ್ನು ಯಾರೂ ಅಳಿಸುವುದಿಲ್ಲ. ಅಂಚಿನಲ್ಲಿ ತಿದ್ದುಪಡಿ ಬರೆದು ಸಹಿ, ತಾರೀಕು ಹಾಕುತ್ತಾರೆ.

ಭಾರತದ ಪಾಸ್‌ಪೋರ್ಟಿನ ಮೇಲೆ ಹೆಸರು, ಜನ್ಮದಿನ ತಿದ್ದಿ ಕೊಡುವ ಪದ್ಧತಿಯಿಲ್ಲ, ಮರುವಿತರಣೆಗೇ ಅರ್ಜಿ ಹಾಕಬೇಕು. ಮಂಗಳೂರಿನಲ್ಲಿ ಸೇವಾ ಕೇಂದ್ರವಿದೆ ಎಂದು ಅವಸರ ಬೇಡ. ಪಾಸ್‌ಪೋರ್ಟೂ ಕಾರ್ಡೂ ಒಂದೇ ತಪ್ಪನ್ನು ಹೇಳುತ್ತಿದ್ದರೆ ಅವು ಪರಸ್ಪರ ಹೊಂದುತ್ತವೆ, ಪ್ರಯಾಣಕ್ಕೆ ತೊಡಕಿಲ್ಲ. ವಿಮಾನ ಹತ್ತುವ ಹೊತ್ತಿಗೆ ಪಾಸ್‌ಪೋರ್ಟ್ ಒಂದನ್ನೇ ಸರಿಮಾಡಿಸಿಕೊಂಡು ಹೊಸ ವ್ಯತ್ಯಾಸ ಹುಟ್ಟಿಸಿಕೊಂಡರೆ ಚೆಕ್-ಇನ್ ಕೌಂಟರಿನಲ್ಲಿ ಉತ್ತರ ಹೇಳುತ್ತ ನಿಲ್ಲಬೇಕಾಗುತ್ತದೆ. ಜನನ ಪತ್ರ ಇಲ್ಲಿಯೇ ಆಗಬೇಕು, ಕಾರ್ಡು ಅಲ್ಲಿಯೇ ಆಗಬೇಕು, ಪಾಸ್‌ಪೋರ್ಟ್ ಎರಡೂ ಕಡೆ ಆಗುತ್ತದೆ. ಹೊಸದು ಮಾಡಿಸಿದ್ದೇ ಆದರೆ ಮೂಲೆ ಕತ್ತರಿಸಿ ಮರಳಿಸಿದ ಹಳೆಯದನ್ನು ಎಸೆಯಬೇಡಿ.

ತಪ್ಪು ಕೆನಡಾದವರದ್ದಾದರೆ

ಪಾಸ್‌ಪೋರ್ಟ್, ಅರ್ಜಿ ಎರಡೂ ಸರಿಯಿದ್ದು ದೃಢೀಕರಣ ಪತ್ರದಲ್ಲಿ ತಪ್ಪಿದೆ ಎಂದುಕೊಳ್ಳಿ. ಇನ್ನೂ ಪ್ರಯಾಣವೇ ಮಾಡಿಲ್ಲವಾದರೆ ಅದೃಷ್ಟವಂತರು: ಪೆನ್ನಿನಿಂದ ತಿದ್ದಲು ಹೋಗದೆ, ಇಲಾಖೆಯ ವೆಬ್ ಫಾರಂ ಮೂಲಕ ತಿಳಿಸಿ, ಉತ್ತರ ಬಂದ ಮೇಲೆ ಟಿಕೆಟ್ ಮಾಡಿ. ಈಗಾಗಲೇ ಹೋಗಿ ಬಂದವರು ಐಎಂಎಂ 5218 ಎಂಬ ತಿದ್ದುಪಡಿ ಕೋರಿಕೆ ಹಾಕಬೇಕು. ಇದು ಅಧಿಕಾರಿ ಬರೆದುಕೊಳ್ಳುವಾಗ ಮಾಡಿದ ತಪ್ಪಿಗೆ ಮಾತ್ರ. ಆಮೇಲೆ ಮದುವೆಯಾಗಿ ಹೆಸರು ಬದಲಿಸಿಕೊಂಡವರಿಗೆ ಈ ದಾರಿಯಿಲ್ಲ. ದೃಢೀಕರಣ ಪತ್ರವನ್ನು ಅವರು ಆ ದಿನದ ದಾಖಲೆ ಎಂದೇ ನೋಡುತ್ತಾರೆ.

ಕನ್ನಡದಲ್ಲಿರುವ ಹಳೆಯ ಜನನ ಪತ್ರ, ಶಾಲಾ ದಾಖಲೆಗಳನ್ನು ಇಂಗ್ಲಿಷಿಗೋ ಫ್ರೆಂಚಿಗೋ ಅನುವಾದಿಸಿ ಮೂಲದ ಪ್ರತಿಯೊಡನೆ ಲಗತ್ತಿಸಬೇಕು. ಮನೆಯ ಮಗಳು ಇಂಗ್ಲಿಷ್ ಎಂ.ಎ. ಮಾಡಿದ್ದರೂ ಅವಳ ಅನುವಾದ ನಡೆಯುವುದಿಲ್ಲ, ಕುಟುಂಬದವರು ಮಾಡಿದ್ದನ್ನು ಇಲಾಖೆ ಒಪ್ಪುವುದಿಲ್ಲ. ಹೊರಗಿನವರಿಂದ ಮಾಡಿಸಿ, ಅವರು ಮಾನ್ಯತೆ ಪಡೆದ ಅನುವಾದಕರಲ್ಲದಿದ್ದರೆ ನೋಟರಿಯ ಮುಂದೆ ಅವರಿಂದ ಅಫಿಡವಿಟ್ ಮಾಡಿಸಿ. ಈ ಕೆಲಸ ಉಡುಪಿಯಲ್ಲಿರುವಾಗ ಸುಲಭ, ಅಲ್ಲಿ ಕನ್ನಡ ಬಲ್ಲ ಅನುವಾದಕರನ್ನು ಹುಡುಕಿ ಅಲೆಯುವುದು ತಪ್ಪುತ್ತದೆ.

ಅರ್ಜಿಯಲ್ಲಿ ನಾವೇ ತಪ್ಪು ಬರೆದಿದ್ದರೆ ‘ನಿಮ್ಮ ತಪ್ಪು’ ಎಂದು ಇಲಾಖೆಯ ತಲೆಗೆ ಕಟ್ಟಬೇಡಿ. ಸುಳ್ಳು ಮಾಹಿತಿ ಕೊಟ್ಟವರನ್ನು 5 ವರ್ಷ ದೂರವಿಡುವ ಕಾನೂನು ಅಲ್ಲಿದೆ. ಇದ್ದದ್ದನ್ನು ಇದ್ದಂತೆ ಪತ್ರದಲ್ಲಿ ಬರೆಯಿರಿ.

ವಿಮಾನ ಹತ್ತುವ ಮುನ್ನ

ಪಿಆರ್ ಕಾರ್ಡನ್ನು ಕೆನಡಾದ ಹೊರಗಿನ ವಿಳಾಸಕ್ಕೆ ಕಳುಹಿಸುವುದಿಲ್ಲ. ಹೀಗಾಗಿ ತಪ್ಪಿರುವ ಕಾರ್ಡನ್ನು ಇಲ್ಲಿಂದಲೇ ಅಂಚೆಗೆ ಹಾಕಿ ಕೈ ಖಾಲಿ ಮಾಡಿಕೊಂಡರೆ ಮರಳುವುದೇ ಕಷ್ಟ. ಕಾರ್ಡಿನೊಡನೆ ದೃಢೀಕರಣ ಪತ್ರ, ಹಳೆಯ ಹೊಸ ಪಾಸ್‌ಪೋರ್ಟ್ ಎಲ್ಲವೂ ಕೈಚೀಲದಲ್ಲಿರಲಿ. ತಪ್ಪು ದೊಡ್ಡದಿದ್ದರೆ ವಿಮಾನ ಸಂಸ್ಥೆಗೆ ಮೊದಲೇ ಇಮೇಲ್ ಬರೆದು ಉತ್ತರದ ಮುದ್ರಿತ ಪ್ರತಿ ಇಟ್ಟುಕೊಳ್ಳಿ. ಮಂಗಳೂರಿನಿಂದ ಹೊರಟವರು ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಮತ್ತೊಮ್ಮೆ ಇದೇ ಕಾಗದ ತೋರಿಸಬೇಕಾಗಬಹುದು.

ಕಾರ್ಡು ಕಳೆದಿದ್ದರೆ ಅಥವಾ ಅವಧಿ ಮುಗಿದಿದ್ದರೆ ಪಿಆರ್ ಪ್ರಯಾಣ ದಾಖಲೆಗೆ ಅರ್ಜಿ ಹಾಕಬೇಕು. ಶುಲ್ಕ 50 ಕೆನಡಾ ಡಾಲರ್. 5 ವರ್ಷಗಳಲ್ಲಿ 730 ದಿನ ಅಲ್ಲಿದ್ದಿರಿ ಎಂಬುದನ್ನು ಆಗ ತೋರಿಸಬೇಕಾಗುತ್ತದೆ. ಪಾಸ್‌ಪೋರ್ಟಿನ ಮುದ್ರೆಗಳು ಅದಕ್ಕೆ ಬೇಕು.

 

ಕೆನಡಾ ತಲುಪಿದ ಮೇಲೆ ಐಎಂಎಂ 5444 ಫಾರಂ ತುಂಬಿ ಹೊಸ ಕಾರ್ಡಿಗೆ ಅರ್ಜಿ ಹಾಕಿ. ಅದು ಬಂದ ಮೇಲೆ ಸಾಮಾಜಿಕ ವಿಮಾ ಸಂಖ್ಯೆ, ಆರೋಗ್ಯ ಕಾರ್ಡು, ಬ್ಯಾಂಕ್ ಖಾತೆ, ಈ ಮೂರರಲ್ಲೂ ಹಳೆಯ ತಪ್ಪು ಉಳಿದಿದೆಯೇ ನೋಡಿ. ಅವು ತಾವಾಗಿ ತಿದ್ದಿಕೊಳ್ಳುವುದಿಲ್ಲ, ಒಂದೊಂದು ಕಡೆಗೂ ಬೇರೆಯಾಗಿ ತಿಳಿಸಬೇಕು.