ಸೋರ್ಸ್‌ನಿಂದ ಕಂಪೈಲ್ ಮಾಡಿದ್ರೆ ಲಿನಕ್ಸ್ ಸಾಫ್ಟ್‌ವೇರ್ ಜೋರಾಗಿ ಓಡುತ್ತಾ? ಒಂದನ್ನು ಮಾಡಿ ಅಳೆದು ನೋಡಿ

ಹೂಮಳೆ ಬಿದ್ದು ಒಂದು ವಾರ, ಹತ್ತು ದಿನದಲ್ಲಿ ಕಾಫಿ ತೋಟವೆಲ್ಲ ಹೂ ಬಿಟ್ಟು ಬೆಳ್ಳಗಾಗುತ್ತದಲ್ವಾ, ಆಗ ನಾನು ಕ್ಯಾಮೆರಾ ಕೆಳಗಿಡುವುದಿಲ್ಲ. ಆಮೇಲೆ ಕಷ್ಟ ಲ್ಯಾಪ್‌ಟಾಪ್‌ಗೆ. ಕ್ಯಾಮೆರಾದಿಂದ ಹಾಗೇ ಬಂದ ನೂರಾರು ರಾ ಫೋಟೋಗಳನ್ನು ರಾಥೆರಪಿ ಎಂಬ ಫೋಟೋ ಸಾಫ್ಟ್‌ವೇರ್‌ಗೆ ಹಾಕಿ ನಾಯ್ಸ್ (ಚುಕ್ಕೆಚುಕ್ಕೆ ಕಲೆ) ತೆಗೆಯಲು ಬಿಟ್ಟರೆ ಫ್ಯಾನ್ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಥರ ಅರಚುತ್ತದೆ. 'ಸೋರ್ಸ್‌ನಿಂದ ಕಂಪೈಲ್ ಮಾಡು, ಹಾರುತ್ತೆ' ಎಂದ ಒಬ್ಬ ಗೆಳೆಯ, ಅಂದರೆ ರೆಡಿ ಪ್ಯಾಕೇಜ್ ಬಿಟ್ಟು, ಮೂಲ ಕೋಡ್ ತಂದು ನನ್ನ ಲ್ಯಾಪ್‌ಟಾಪ್‌ನಲ್ಲೇ ಸಾಫ್ಟ್‌ವೇರ್ ಕಟ್ಟುವುದು. ಮಾಡಿದೆ. ಅವನು ಹೇಳಿದ್ದು ಅರ್ಧ ನಿಜ.

ಉಬುಂಟು, ಡೆಬಿಯನ್ ಎಂಬ ಲಿನಕ್ಸ್‌ಗಳ ರೆಡಿ ಪ್ಯಾಕೇಜ್ ಎಲ್ಲರ ಕಂಪ್ಯೂಟರಿನಲ್ಲೂ ಓಡಬೇಕು. ಅದಕ್ಕೇ 2003ರಲ್ಲಿ ಬಂದ ಎಎಂಡಿಯ ಮೊದಲ 64 ಬಿಟ್ ಚಿಪ್‌ಗೂ ಅರ್ಥವಾಗುವಂತೆ ಅದನ್ನು ಕಟ್ಟಿರುತ್ತಾರೆ. ಒಂದೇ ಏಟಿಗೆ ಹಲವು ಸಂಖ್ಯೆಗಳ ಲೆಕ್ಕ ಮಾಡುವ ಆ ಕಾಲದ ಚಿಪ್ ಆದೇಶಗಳು, ಎಸ್‌ಎಸ್‌ಇ2, ಒಂದು ಸಲಕ್ಕೆ 128 ಬಿಟ್ ಹಿಡಿಯುತ್ತವೆ. 2013ರ ಇಂಟೆಲ್ ಹ್ಯಾಸ್‌ವೆಲ್ ಚಿಪ್ ಜೊತೆ ಬಂದ ಎವಿಎಕ್ಸ್2 ಹಿಡಿಯುವುದು 256. ನಿಮ್ಮ ಚಿಪ್‌ನಲ್ಲಿ ಅದು ಇದ್ದೂ ರೆಡಿ ಪ್ಯಾಕೇಜ್ ಅದನ್ನು ಮುಟ್ಟದೇ ಇರಬಹುದು.

ಮೊದಲು ಟರ್ಮಿನಲ್‌ನಲ್ಲಿ ಎಲ್‌ಎಸ್‌ಸಿಪಿಯು (lscpu) ಎಂದು ಹೊಡೆದು, ಫ್ಲ್ಯಾಗ್ಸ್ ಸಾಲಿನಲ್ಲಿ ಎವಿಎಕ್ಸ್2 ಇದೆಯಾ ನೋಡಿ. ಇಲ್ಲದಿದ್ದರೆ ಜಾಸ್ತಿ ಆಸೆ ಬೇಡ.

ಆಮೇಲೆ ಸಾಫ್ಟ್‌ವೇರ್ ಆರಿಸಿ. ಇದೇ ಮುಖ್ಯ. ಟೆಕ್ಸ್ಟ್ ಎಡಿಟರ್ ನಿಮ್ಮ ಬೆರಳಿಗೆ ಕಾಯುತ್ತಾ ಕೂತಿರುತ್ತದೆ, ಅದನ್ನು ಕಂಪೈಲ್ ಮಾಡುವುದು ಸುಮ್ನೆ ಕರೆಂಟ್ ದಂಡ. ವಿಡಿಯೋ ಬದಲಾಯಿಸುವ ಎಫ್‌ಎಫ್‌ಎಂಪೆಗ್‌ನಲ್ಲಿ ವೇಗ ಬೇಕಾದ ಕಡೆಗಳನ್ನು ಚಿಪ್‌ನದೇ ಭಾಷೆಯಾದ ಅಸೆಂಬ್ಲಿಯಲ್ಲಿ ಕೈಯಾರೆ ಬರೆದಿದ್ದಾರೆ, ಓಡುವಾಗಲೇ ಚಿಪ್ ಯಾವುದೆಂದು ನೋಡಿಕೊಳ್ಳುತ್ತದೆ, ಅಲ್ಲೂ ಹೆಚ್ಚೇನೂ ಸಿಗದು. ಫೈರ್‌ಫಾಕ್ಸ್ ಅಂತೂ ನೀವು ಕಟ್ಟಿದ್ದೇ ನಿಧಾನ ಆಗಬಹುದು, ಯಾಕೆಂದರೆ ಮೊಜಿಲ್ಲಾದವರು ಅದನ್ನು ಒಮ್ಮೆ ಓಡಿಸಿ, ಯಾವ ಕೋಡ್ ಜಾಸ್ತಿ ಬಳಕೆಯಾಗುತ್ತದೆಂದು ನೋಡಿ, ಅದಕ್ಕೆ ತಕ್ಕಂತೆ ಮತ್ತೆ ಕಂಪೈಲ್ ಮಾಡಿರುತ್ತಾರೆ. ನಿಮಿಷಗಟ್ಟಲೆ ಸಿಪಿಯು ತಿನ್ನುವ ಫೋಟೋ ಕೆಲಸ, ಲೆಕ್ಕದ ಕೆಲಸ ಇದ್ದರೆ ಕೈ ಹಾಕಿ.

ಈಗ ಸೋರ್ಸ್. ಸಾಫ್ಟ್‌ವೇರ್ ಮೂಲಗಳ ಪಟ್ಟಿಯಲ್ಲಿ ಡೆಬ್-ಎಸ್‌ಆರ್‌ಸಿ (ಮೂಲ ಕೋಡ್ ಸಿಗುವ ಸಾಲು) ತೆರೆದು, ಅಪ್ಡೇಟ್ ಮಾಡಿ, ಆಪ್ಟ್ ಬಿಲ್ಡ್-ಡೆಪ್ ಕೊಟ್ಟು ಬೇಕಾದ ಲೈಬ್ರರಿ ತರಿಸಿ. ಡೇಟಾ ಚೆನ್ನಾಗಿಯೇ ತಿನ್ನುತ್ತದೆ, ಸಿಗ್ನಲ್ ಇರುವ ಕಡೆ ಕೂತು ಮಾಡಿ. ನಂತರ ಆಪ್ಟ್ ಸೋರ್ಸ್. ಹೀಗೆ ತಂದರೆ ನಿಮ್ಮ ಪ್ಯಾಕೇಜ್‌ನ ವರ್ಷನ್ನೇ ಬರುತ್ತದೆ. ಹೊಸ ವರ್ಷನ್ ತಂದು ಹಳೆಯದರ ಜೊತೆ ಹೋಲಿಸಿದರೆ ವೇಗ ಎಲ್ಲಿಂದ ಬಂತೆಂದು ಗೊತ್ತಾಗುವುದೇ ಇಲ್ಲ.

ಕಟ್ಟುವ ತಯಾರಿ ಮಾಡುವ ಸಿಮೇಕ್‌ಗೆ ಮೂರು ವಿಷಯ ಹೇಳಬೇಕು. ಬಿಲ್ಡ್ ಟೈಪ್ 'ರಿಲೀಸ್'. ಇನ್‌ಸ್ಟಾಲ್ ಜಾಗ ನಿಮ್ಮ ಹೋಮ್ ಫೋಲ್ಡರ್ ಒಳಗೇ, ಆಗ ಹಳೆಯದೂ ಉಳಿಯುತ್ತದೆ. ಸಿ, ಸಿ++ ಫ್ಲ್ಯಾಗ್‌ಗಳಲ್ಲಿ 'ಮಾರ್ಚ್ ಈಕ್ವಲ್ಸ್ ನೇಟಿವ್' (-march=native). ಇದು ಕಾಫಿ ಹೂ ಬಿಡುವ ಮಾರ್ಚ್ ಅಲ್ಲ ಮಾರಾಯ್ರೇ, ಎಂ ಮತ್ತು ಆರ್ಚ್ (ಆರ್ಕಿಟೆಕ್ಚರ್), 'ಈ ಮೆಷಿನ್‌ನಲ್ಲಿ ಏನಿದೆಯೋ ಅದನ್ನೆಲ್ಲ ಬಳಸು' ಎಂದರ್ಥ.

ಕೊನೆಗೆ ನಿಜವಾಗಿ ಕಂಪೈಲ್ ಮಾಡಿಸುವ ಮೇಕ್. ಏಕಕಾಲಕ್ಕೆ ಎಷ್ಟು ಕೆಲಸ ಎಂದು ಹೇಳುವ ಜೆ ಆಪ್ಷನ್‌ಗೆ ಕೋರ್‌ಗಳಷ್ಟು ಸಂಖ್ಯೆ ಕೊಡಿ ಎನ್ನುತ್ತಾರೆ, ಆದರೆ 4 ಜಿಬಿ ರ‍್ಯಾಮ್ ಇದ್ದರೆ 2ಕ್ಕೇ ನಿಲ್ಲಿಸಿ. ಸಿ++ ಫೈಲ್‌ಗಳು ಮೆಮೊರಿ ನುಂಗುತ್ತವೆ, ರ‍್ಯಾಮ್ ಸಾಲದೆ ಡಿಸ್ಕ್‌ನ ಸ್ವಾಪ್‌ಗೆ ಇಳಿದರೆ ಮೌಸ್ ಕೂಡ ಅಲ್ಲಾಡದು.

ನಾನು ಮೊದಲ ಸಲ ಮಾಡಿದ್ದು ಜುಲೈನಲ್ಲಿ, ಬುದ್ಧಿ ಇಲ್ಲದೆ. ಮರ ಬಿದ್ದು ಕರೆಂಟ್ ಹೋಯಿತು, ಕಂಪೈಲ್ ಶೇ 70ರ ಹತ್ತಿರ ಬಂದಾಗ ಸವೆದ ಬ್ಯಾಟರಿ ಕೈ ಕೊಟ್ಟಿತು. ಮರುದಿನ ಮತ್ತೆ ಮೇಕ್ ಕೊಟ್ಟರೆ ಮೊದಲಿಂದ ಶುರುವಾಗಲಿಲ್ಲ, ಫೈಲ್‌ಗಳ ಸಮಯ ನೋಡಿ ಆಗದೇ ಉಳಿದದ್ದನ್ನಷ್ಟೇ ಮಾಡಿತು. ಆದರೆ ಕೊನೆಯಲ್ಲಿ ತುಂಡುಗಳೆಲ್ಲ ಸೇರಿ ಲಿಂಕ್ ಆಗುವಾಗ ಎರರ್. ಬ್ಯಾಟರಿ ಕೈ ಕೊಟ್ಟ ಹೊತ್ತಿಗೆ ಬರೆಯುತ್ತಿದ್ದ ಒಂದು ಆಬ್ಜೆಕ್ಟ್ ಫೈಲ್ (ಕಂಪೈಲ್ ಆದ ತುಂಡು) ಸೊನ್ನೆ ಬೈಟ್ ಆಗಿ ಕೂತಿತ್ತು! ಅದನ್ನು ಅಳಿಸಿ ಮತ್ತೆ ಕೊಟ್ಟೆ, ಸರಿಹೋಯಿತು.

ಈಗ ಅಳೆಯಿರಿ. ಒಂದೇ ಫೋಟೋ, ಒಂದೇ ಸೆಟ್ಟಿಂಗ್, ಟರ್ಮಿನಲ್‌ನಲ್ಲಿ ಓಡುವ ರಾಥೆರಪಿ-ಸಿಎಲ್‌ಐ ಕಮಾಂಡಿನ ಮೊದಲಿಗೆ 'ಟೈಮ್' ಸೇರಿಸಿ ಹಳೆಯದು, ಹೊಸದು ಎರಡರಲ್ಲೂ ಮೂರ್ನಾಲ್ಕು ಸಲ ಓಡಿಸಿ. ಮೊದಲ ಓಟ ಬಿಟ್ಟುಬಿಡಿ, ಆಗ ಡಿಸ್ಕ್ ಓದುವ ಸಮಯವೂ ಸೇರಿರುತ್ತದೆ. ಚಾರ್ಜರ್ ಹಾಕಿರಲಿ, ನಡುನಡುವೆ ಲ್ಯಾಪ್‌ಟಾಪ್ ತಣಿಯಲಿ, ಬಿಸಿಯಾದ ಚಿಪ್ ತಾನೇ ವೇಗ ಇಳಿಸುತ್ತದೆ. ನನಗೆ ಇಡೀ ಬ್ಯಾಚ್‌ನಲ್ಲಿ ಉಳಿದದ್ದು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು.

ಹೀಗೆ ಕಟ್ಟಿದ್ದನ್ನು ಪಕ್ಕದ ಮನೆಯವರ ಹಳೇ ಲ್ಯಾಪ್‌ಟಾಪ್‌ಗೆ ಹಾಕಿಕೊಡಬೇಡಿ, 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಎಂದು ಮುಚ್ಚಿಕೊಳ್ಳಬಹುದು. ಅಪ್ಡೇಟೂ ತಾನಾಗಿ ಬರುವುದಿಲ್ಲ, ಮತ್ತೆ ನೀವೇ ಕಟ್ಟಬೇಕು. ನಾನೀಗ ಅದನ್ನು ಫೆಬ್ರವರಿಯಲ್ಲೇ ಮುಗಿಸುತ್ತೇನೆ, ಕಾಫಿ ಕೊಯ್ಲು ಮುಗಿದಿರುತ್ತದೆ, ಕರೆಂಟೂ ಇರುತ್ತದೆ.